ನಲವತ್ತನೆಯ ಸಾಲು ಯಾರದು

ಬೀರಪ್ಪ ಬರೆದ ಪ್ಯಾಚ್ ಹರ್ಷಿತ್ ಸರ್ ಹೆಸರಿನಲ್ಲಿ ಹೋಯಿತು.

ಕಾಪುವಿನ ಆ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಹರ್ಷಿತ್ ಪಾಠ ಹೇಳುವವರು, ಬೀರಪ್ಪ ಕಸ ಗುಡಿಸುವವ. ಬಾಗಲಕೋಟೆ ಕಡೆಯಿಂದ ಮಣಿಪಾಲದ ಹಾಸ್ಟೆಲುಗಳಿಗೆ ಕಲ್ಲು ಹೊರಲು ಬಂದವನು ಇಲ್ಲಿ ಅಟೆಂಡರ್ ಆಗಿದ್ದ. ಸಂಜೆ ತರಗತಿಯ ಕೊನೆಯ ಬೆಂಚಿನಲ್ಲಿ ಪೊರಕೆ ಪಕ್ಕಕ್ಕಿಟ್ಟು ಕೂತು, ಮೂರು ವರ್ಷದಲ್ಲಿ ಪ್ರೋಗ್ರಾಂ ಬರೆಯಲು ಕಲಿತಿದ್ದ.

2006ರಲ್ಲಿ ಕೇಂದ್ರಕ್ಕೆ ವೈರ್‌ಲೆಸ್ ಬಂತು. ಕರೆಂಟ್ ಹೋಗಿ ಬಂದಾಗಲೆಲ್ಲ ಹನ್ನೆರಡು ಕಂಪ್ಯೂಟರುಗಳೂ ತಮ್ಮ ಸೆಟ್ಟಿಂಗ್ ಮರೆತು, ನಿದ್ದೆಯಿಂದ ಎಬ್ಬಿಸಿದ ಮಕ್ಕಳ ಹಾಗೆ ಮಿಕಮಿಕ ನೋಡುತ್ತಿದ್ದವು. ಒಂದೊಂದಕ್ಕೂ ಮತ್ತೆ ಹೇಳಿಕೊಡುವ ಕರ್ಮ ಬೀರಪ್ಪನದು. ಸಾಕಾಗಿ ಅವನು ಆ ಸೆಟ್ಟಿಂಗ್ ಮಾಡುವ ತಂತ್ರಾಂಶವನ್ನೇ ಬಿಚ್ಚಿ ಕೂತ. ಜಗತ್ತಿಗೆಲ್ಲ ಬಿಟ್ಟಿ ಸಿಗುವ, ಯಾರು ಬೇಕಾದರೂ ತೇಪೆ ಹೊಲಿದು ಕಳಿಸಬಹುದಾದ ತಂತ್ರಾಂಶ ಅದು. ಆ ತೇಪೆಗೇ ಪ್ಯಾಚ್ ಎನ್ನುವುದು. ಬೀರಪ್ಪ ಅರವತ್ತು ಸಾಲಿನದೊಂದು ಹೊಲಿದ. ಜೊತೆಗಿನ ಪತ್ರದ ಇಂಗ್ಲಿಷ್ ತಿದ್ದಿ ಕಳಿಸಿಕೊಡಿ ಎಂದು ಹರ್ಷಿತ್ ಸರ್ ಕೈಗಿತ್ತ. ಸರ್‌ಗೆ ಕಂಡದ್ದು ಒಂದೇ ತಪ್ಪು: ಕೆಳಗಿದ್ದ ಹೆಸರು.

ತಂತ್ರಾಂಶದ ಉಸ್ತುವಾರಿ ನೋಡುವ, ಸಮುದ್ರದಾಚೆಯ ಪೀಟರ್ ಎಂಬಾತ ಪ್ಯಾಚನ್ನು ಒಪ್ಪಿದ. ಕೇಂದ್ರದ ಒಡತಿ ಪುಷ್ಪಾವತಿ ಮೇಡಂ ಸನ್ಮಾನ ಇಟ್ಟೇಬಿಟ್ಟರು.

ಆ ಬೆಳಿಗ್ಗೆ ಬೀರಪ್ಪ ಏಣಿ ಹತ್ತಿ ‘ವಿಶ್ವಮಟ್ಟದ ಸಾಧಕ ಹರ್ಷಿತ್’ ಎಂಬ ಬ್ಯಾನರ್ ಕಟ್ಟುತ್ತಿದ್ದ.

“ಎಂತ ಬೀರಪ್ಪ, ನಿನ್ನ ಪ್ಯಾಚಿಗೆ ನೀನೇ ಬ್ಯಾನರ್ ಕಟ್ಟುದಾ?” ಎಂದಳು ರಿಸೆಪ್ಶನಿನ ಪ್ರೆಸಿಲ್ಲಾ.

“ಸಭೆಯಲ್ಲಿ ಎದ್ದು ಕೇಳು ಮಾರಾಯ. ನಾನು ಹಿಂದಿನಿಂದ ಚಪ್ಪಾಳೆ ಹೊಡೀತೇನೆ,” ಎಂದ ಎದುರಿನ ಚಾ ಅಂಗಡಿಯ ಶೀನ.

“ಕೇಳ್ತೀನೋ ಮಾರಾಯಾ, ಮೊದಲ ಏಣಿ ಗಟ್ಟಿ ಹಿಡಿ.”

ಸಭೆ ಶುರುವಾಯಿತು. ಬೀರಪ್ಪ ಬಾಯಿ ತೆರೆಯುವಷ್ಟರಲ್ಲಿ ಮೇಡಂ ಅವನ ಕೈಗೆ ಶಾಲಿನ ತಟ್ಟೆ ಕೊಟ್ಟರು. ಎರಡೂ ಕೈಯಲ್ಲಿ ತಟ್ಟೆ ಹಿಡಿದವನು ಜಗಳ ತೆಗೆಯುವುದು ಹೇಗೆ?

ಶಾಲು ಹೊದ್ದ ಹರ್ಷಿತ್ ಸರ್ ಪ್ಯಾಚಿನ ಮಹಿಮೆ ತೋರಿಸಲು ಮೇನ್ ಸ್ವಿಚ್ ಆರಿಸಿ ಮತ್ತೆ ಹಾಕಿದರು. ಹನ್ನೆರಡೂ ಕಂಪ್ಯೂಟರುಗಳು ಕಣ್ಣು ಬಿಟ್ಟು ತಾವಾಗಿಯೇ ವೈರ್‌ಲೆಸ್ ಹಿಡಿದವು. ಚಪ್ಪಾಳೆಯೋ ಚಪ್ಪಾಳೆ.

“ಒನ್ಸ್ ಮೋರ್!” ಎಂದು ಶೀನ ಕೂಗಿದ.

ಸರ್ ಉಬ್ಬಿಹೋಗಿ ತಕ್ಷಣ ಇನ್ನೊಮ್ಮೆ ಸ್ವಿಚ್ ಆರಿಸಿ ಹಾಕಿದರು. ಈ ಸಲ ಹನ್ನೆರಡಕ್ಕೂ ಮಂಕು ಬಡಿಯಿತು.

“ಸರಿ ಮಾಡಿ ಸರ್,” ಎಂದರು ಮೇಡಂ.

ಸರ್ ಕೀಬೋರ್ಡನ್ನು ತುತ್ತಿನಲ್ಲಿ ಸಿಕ್ಕ ಮೀನಿನ ಮುಳ್ಳಿನಂತೆ ನೋಡಿದರು. ಬೀರಪ್ಪ ತಟ್ಟೆ ಕೆಳಗಿಟ್ಟ.

“ನಲವತ್ತನೇ ಸಾಲಿನ್ಯಾಗ ತಪ್ಪೈತ್ರಿ. ಸೆಟ್ಟಿಂಗ್ ಬರಿಯೂ ನಡುವ ಕರೆಂಟ್ ಹೋದ್ರ, ಅರ್ಧಾ ಬರ್ದದ್ದನ್ನ ಪೂರ್ತಿ ಅಂತ ನಂಬ್ತೈತಿ. ಆ ಸಾಲು ನಂದ್ರಿ. ಅರವತ್ತೂ ನನ್ನವ.”

ಅವನು ಕೂತ, ಎರಡು ಸಾಲು ಬದಲಿಸಿದ, ಕಂಪ್ಯೂಟರುಗಳಿಗೆ ಜೀವ ಬಂತು. ಎಲ್ಲರ ಕಣ್ಣೆದುರೇ ‘ಬೀರಪ್ಪ’ ಎಂದು ತನ್ನ ಹೆಸರು ಒತ್ತಿ, ಹೊಸ ತೇಪೆಯನ್ನು ತನ್ನದೇ ಇಮೇಲ್‌ನಿಂದ ಪೀಟರ್‌ಗೆ ಕಳಿಸಿದ. ಶೀನ ಹೇಳಿದಂತೆಯೇ ಚಪ್ಪಾಳೆ ಹೊಡೆದ. ಕಲ್ಲು ಹೊತ್ತ ಆ ಹೆಗಲು ಅಂದು ಶಾಲಿಲ್ಲದೆಯೂ ಅಗಲವಾಗಿ ಕಂಡಿತು.

ಊಟಕ್ಕೆ ಪಾಯಸ ಬಡಿಸುವ ಹೊತ್ತಿಗೆ ಪೀಟರ್‌ನ ಉತ್ತರ ಬಂತು. ಪ್ರೆಸಿಲ್ಲಾ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದಳು:

“ಧನ್ಯವಾದ ಬೀರಪ್ಪ, ಕೆಲಸ ಅಚ್ಚುಕಟ್ಟಾಗಿ ಉಂಟು. ಆದರೆ ಈ ಭಾಗ ಬರೆದವರು ಹರ್ಷಿತ್. ಬೇರೆಯವರ ಕೆಲಸ ತಿದ್ದುವ ಮೊದಲು ಅವರ ಒಪ್ಪಿಗೆ ತರಬೇಕು. ಅದು ನಮ್ಮಲ್ಲಿ ನಿಯಮ.”

ಬೀರಪ್ಪನ ಬಾಯಲ್ಲಿದ್ದ ಪಾಯಸ ಅಲ್ಲೇ ನಿಂತಿತು. ಹರ್ಷಿತ್ ಸರ್ ಮಾತ್ರ ನಿಧಾನವಾಗಿ ಶಾಲು ಸರಿಮಾಡಿಕೊಂಡರು.

“ಒಪ್ಪಿಗೆ ಕೊಡುವ, ಅದಕ್ಕೆಂತ? ‘ಹರ್ಷಿತ್ ಸರ್ ಮಾರ್ಗದರ್ಶನದಲ್ಲಿ’ ಅಂತ ಒಂದು ಸಾಲು ಸೇರಿಸು, ಸಾಕು.”

“ಸೇರಿಸು ಬೀರಪ್ಪ,” ಎಂದರು ಮೇಡಂ. “ಕೇಂದ್ರದ ಮರ್ಯಾದೆ ಪ್ರಶ್ನೆ. ಒಂದೇ ಸಾಲು ಅಲ್ವಾ?”

ಬೀರಪ್ಪ ಕೈ ತೊಳೆದು ಬಂದ.

“ನಲವತ್ತನೇ ಸಾಲಿನ್ಯಾಗ ತಪ್ಪಿತ್ತಲ್ರಿ ಮೇಡಂ, ಆ ತಪ್ಪು ಸೈತ ನಂದ. ಅದರಾಗೂ ಯಾರಿಗೂ ಪಾಲಿಲ್ಲ. ಸೇರ್ಸೂದಿಲ್ರಿ.”