ಮೋಡಕ್ಕೆ ಮನೆ ಸಾಗಿಸಿದ ನಮ್ಮ ಕಾಕಾ

ನಮ್ಮ ಕಾಕಾನ ಆಸ್ತಿಯೆಲ್ಲ ಆಕಾಶದಲ್ಲಿದೆ ಎಂದರೆ ನೀವು ನಗುತ್ತೀರಿ. ನಗಿ. ನಾವೂ ನಕ್ಕವರೇ. ಕಾಕಿ ಮಾತ್ರ ನಗಲಿಲ್ಲ!

ಕಾಕಾ ಭಾಲ್ಕಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಒಂದು ಮಳೆಗಾಲ ಅವರ ಟ್ರಂಕಿಗೆ ಗೆದ್ದಲು ಹೊಕ್ಕು ಮೆಟ್ರಿಕ್ ಅಂಕಪಟ್ಟಿಯನ್ನು ತಿಂದು ಹಾಕಿತು. ಗಣಿತದ ಅಂಕ ಇದ್ದ ಮೂಲೆಯೊಂದೇ ಉಳಿದಿತ್ತು. ಅದನ್ನು ಗೆದ್ದಲೂ ಮುಟ್ಟಿರಲಿಲ್ಲ. ಅಂದಿನಿಂದ ಅವರಿಗೆ ಕಾಗದದ ಮೇಲೆ ನಂಬಿಕೆಯೇ ಹೋಯಿತು. ಆಗ ಬೀದರದಿಂದ ಹೋಗಿ ಕ್ಲೌಡ್ ಎಂಬ ಮೋಡವನ್ನು ಪರಿಚಯಿಸಿದ ಪಾಪಿ ನಾನೇ. ನಮ್ಮ ಕಾಗದ, ಫೋಟೊಗಳನ್ನು ಇಂಟರ್ನೆಟ್ ಮೂಲಕ ಎಲ್ಲೋ ದೂರದ ಕಂಪನಿಯ ಕಂಪ್ಯೂಟರಿನಲ್ಲಿ ಇಡಬಹುದು ಎಂದು ವಿವರಿಸಿದೆ.

"ಅಲ್ಲಿ ಗೆದ್ದಲ ಬರ್ತದೇನು?" ಎಂದರು ಕಾಕಾ.

"ಇಲ್ಲ ಕಾಕಾ."

"ಹಂಗಾರ ಎಲ್ಲಾ ಅಲ್ಲೇ ಇರಲಿ!"

ಪಡಿತರ ಚೀಟಿ, ಕರೆಂಟ್ ಬಿಲ್, ಎಮ್ಮೆಯ ಚುಚ್ಚುಮದ್ದಿನ ಚೀಟಿ, ಕಾಕಿಯ ಸೀರೆಗಳು, ಎಲ್ಲದರ ಫೋಟೊ ಮೇಲೇರಿತು. ಏನು ಕೇಳಿದರೂ ಬೆರಳು ಸೂರಿನ ಕಡೆಗೆ: "ಮ್ಯಾಲ ಅದ!"

ಮೇಲಿದ್ದದ್ದು ಕೆಳಗಿಳಿಯಬೇಕಲ್ಲ? ಮೆಹಕರದಲ್ಲಿ ನಮ್ಮ ಕಡೆಯ ಹುಡುಗನಿಗೆ ಹೆಣ್ಣು ನೋಡಲು ಹೋದೆವು. ಹೆಣ್ಣಿನ ತಂದೆ ಹುಡುಗನ ವಿವರ ಕೇಳಿದರು. ಕಾಕಾ ಫೋನ್ ತೆಗೆದರೆ ನೆಟ್‌ವರ್ಕ್ ಇಲ್ಲ! ಅಂಗಳಕ್ಕೆ ಬಂದರು, ಇಲ್ಲ. ಮಾಳಿಗೆ ಹತ್ತಿದರು, ಇಲ್ಲ. ಕೊನೆಗೆ ನೀರಿನ ಟಾಕಿಯ ಮೇಲೆ ನಿಂತಾಗ ಸಿಕ್ಕಿತು. ಇಳಿದರೆ ಮತ್ತೆ ಹೋದೀತೆಂದು ಅಲ್ಲಿಂದಲೇ ಓದತೊಡಗಿದರು. ಮೂವತ್ತು ವರ್ಷ ಬಸ್ ಬಿಟ್ಟ ಗಂಟಲು! "ಹುಡುಗನ ಎತ್ತರ ಐದು ಫೂಟು ಆರು ಇಂಚು! ನೌಕರಿ ಪರ್ಮನೆಂಟ್!" ಅರ್ಧ ಊರು ಕೆಳಗೆ ನೆರೆಯಿತು. ಸಂಬಂಧ ಕೂಡಿತು ಅನ್ನಿ. ಇಷ್ಟು ಜನರ ಎದುರು ಸುಳ್ಳು ಹೇಳಲಾರರು ಎಂದರಂತೆ ಹೆಣ್ಣಿನ ತಂದೆ.

ಮುಂದಿನದು ಮೊಮ್ಮಗಳ ನಾಮಕರಣ. ಆಮಂತ್ರಣವನ್ನು ಬಂಧುಬಳಗಕ್ಕೆಲ್ಲ ಹಂಚುವಾಗ ಕಾಕಾನ ಬೆರಳು ಪಕ್ಕದ ಫೋಲ್ಡರಿಗೆ ತಗುಲಿ ಅದೇ ಎಲ್ಲರಿಗೂ ಹೋಯಿತು. ಅದರಲ್ಲಿ ಏನಿತ್ತು? ಕಾಕಿಯ ಗೊರಕೆ! ತಾನು ಗೊರಕೆ ಹೊಡೆಯುವುದೇ ಇಲ್ಲ ಎಂದು ವಾದಿಸುತ್ತಿದ್ದ ಕಾಕಿಗೆ ತೋರಿಸಲೆಂದು ಕಾಕಾ ಸಾಕ್ಷಿ ಕೂಡಿಸಿದ್ದರು. ನಾಮಕರಣಕ್ಕೆ ಬಂದವರೆಲ್ಲ ಕೂಸನ್ನು ಬಿಟ್ಟು ಕಾಕಿಯ ನಿದ್ದೆಯ ಆರೋಗ್ಯವನ್ನೇ ವಿಚಾರಿಸಿದರು. ಕಾಕಾ ಒಂದು ವಾರ ಪಡಸಾಲೆಯಲ್ಲಿ ಮಲಗಿದರು.

ಇಷ್ಟಾದರೂ ಬುದ್ಧಿ ಬಂತೇ? ಮದುವೆಯ ಆಲ್ಬಮ್ಮನ್ನೂ ಹಾಳೆ ಹಾಳೆಯಾಗಿ ಫೋಟೊ ಹೊಡೆದು ಮೇಲೇರಿಸಿ, ಆಲ್ಬಮ್ಮನ್ನು ಗುಜರಿಯವನಿಗೆ ಕೊಟ್ಟುಬಿಟ್ಟರು! ಅದಾದ ಎರಡೇ ವಾರಕ್ಕೆ ಫೋನು ಎಮ್ಮೆಯ ನೀರಿನ ಬಾನಿಯಲ್ಲಿ ಮುಳುಗಿ ಸತ್ತಿತು. ಹೊಸ ಫೋನು ಪಾಸ್‌ವರ್ಡ್ ಕೇಳಿತು.

"ಎಲ್ಲಿ ಬರೆದಿಟ್ಟೀರಿ ಕಾಕಾ?"

"ಮ್ಯಾಲ ಅದ!"

ಕೀಲಿಕೈಯನ್ನು ಒಳಗಿಟ್ಟು ಬಾಗಿಲು ಹಾಕಿಕೊಂಡಿದ್ದರು ಮಹಾನುಭಾವರು. ಉಳಿದದ್ದು ಒಂದೇ ದಾರಿ, ಓಟಿಪಿ. ಅದು ಕಾಕಾ ವರ್ಷದ ಹಿಂದೆ ಬಿಟ್ಟುಕೊಟ್ಟಿದ್ದ ಹಳೆಯ ನಂಬರಿಗೆ ಹೋಗುತ್ತಿತ್ತು, ಆ ನಂಬರು ಈಗ ಬೇರೆ ಯಾರದೋ! ಕಾಕಿ ಕೂಗಾಡಲಿಲ್ಲ. "ನನ್ನ ಮದವಿ ಫೋಟೊ ಬರೋತನ ನಿಮಗ ಚಹಾ ಇಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು.

ಕಾಕಾ ತಮ್ಮ ಹಳೆಯ ನಂಬರಿಗೆ ತಾವೇ ಫೋನ್ ಮಾಡಿದರು. ಆ ಕಡೆ ಹೊಲಿಗೆ ಯಂತ್ರದ ಸದ್ದು, ಒಬ್ಬ ಹೆಂಗಸಿನ ದನಿ.

"ಬಾಯಿ, ನಿಮಗೊಂದು ಓಟಿಪಿ ಬರ್ತದ, ಜರಾ ಹೇಳ್ರಿ."

"ಓಟಿಪಿ ಕೇಳ್ತೀಯಾ? ನಿನ್ನಂಥೋರ ಸಲುವಾಗೇ ಟಿವಿದಾಗ ದಿನಾ ಹೇಳ್ತಾರ!"

"ಅಲ್ರಿ, ಆ ನಂಬರ್ ನಂದೇ ಇತ್ತು."

"ನಾಳಿ ಈ ಮನೀನೂ ನಂದಿತ್ತು ಅಂತೀ! ಔರಾದಕ್ಕ ಬಾ, ತೋರಸ್ತೇನಿ!"

ಫೋನ್ ಕಟ್ಟಾಯಿತು. ಕಾಕಾ ಹಿಗ್ಗಿದರು: "ನೋಡಿದ್ಯಾ ತಮ್ಮಾ? ಬಾ ಅಂದ್ರು!"

ಮರುದಿನ ಕಾಕಾ, ಕಾಕಿ, ನಾನು ಔರಾದದ ಬಸ್ಸು ಹತ್ತಿದೆವು. ಬ್ಲೌಸ್ ಹೊಲಿಯುವವರ ಮನೆಗಳನ್ನು ವಿಚಾರಿಸುತ್ತ ಹೋದರೆ ಮೂರನೆಯ ಮನೆಯಲ್ಲಿ ಅದೇ ದನಿ. ಕಾಕಾ ಓಟಿಪಿ ಎಂದದ್ದೇ ತಡ, ಆಕೆ ಕತ್ತರಿ ಎತ್ತಿಕೊಂಡಳು. ಕಾಕಿ ನಡುವೆ ಬಂದು ಕೈಮುಗಿದರು.

"ಇವರು ಕಳ್ಳರಲ್ರಿ ಅಕ್ಕಾ, ಬರೇ ಹುಚ್ಚರು."

ಕಾಕಿ ಗೆದ್ದಲಿನಿಂದ ಎಮ್ಮೆಯ ಬಾನಿಯವರೆಗೆ ಕಥೆ ಹೇಳಿದರು. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕು, ಫೋನು ತಂದು ಆರು ಅಂಕಿಗಳನ್ನು ಓದಿದಳು. ಬಾಗಿಲು ತೆರೆಯಿತು! ಪರದೆಯ ಮೇಲೆ ಬಾಸಿಂಗದ ಕಾಕಿ, ಪಕ್ಕದಲ್ಲಿ ಬೆದರಿದ ಕಾಕಾ. ಚಹಾವೂ ಅಲ್ಲೇ ಸಿಕ್ಕಿತು.

ನಾವು ಹೊರಡುವಾಗ ಆಕೆ ಒಳಗಿನಿಂದ ಇನ್ನೊಂದು ಫೋನು ತಂದಳು. ಗಾಜು ಒಡೆದಿತ್ತು. ಅದರಲ್ಲಿ ಒಬ್ಬ ಗಂಡಸು, ನಗುತ್ತ, ಬೇಡ ಬೇಡ ಎಂದು ಅಂಗೈಯಿಂದ ಅರ್ಧ ಮುಖ ಮುಚ್ಚಿಕೊಂಡಿದ್ದ.

"ನಮ್ಮ ಯಜಮಾನ್ರು. ಬೀದರದ ಗಾಂಧಿ ಗಂಜ್ ಬಜಾರದಾಗ ಮೂಟಿ ಹೊರೋ ಹಮಾಲಿ ಮಾಡ್ತಿದ್ರು. ಹೋಗಿ ಎರಡು ವರ್ಷ ಆತು. ಫೋಟೊ ಅಂದ್ರ ನಾಚತಿದ್ರು, ಇದೊಂದೇ ಅದ. ಈ ಫೋನು ಒಮ್ಮೊಮ್ಮಿ ಚಾಲೂನೇ ಆಗಂಗಿಲ್ಲ. ಇದನ್ನೂ ಮ್ಯಾಲ ಇಡ್ತೀರೇನ್ರಿ?"

ಇನ್ನು ಕಾಕಾನ ಭಾಷಣ ಶುರುವಾಯಿತು ಎಂದುಕೊಂಡೆ. ಕಾಕಾ ಮಾತ್ರ ಆ ಫೋಟೊವನ್ನು ಮೊದಲು ತಮ್ಮ ಫೋನಿಗೆ ಕಳಿಸಿಕೊಂಡರು.

"ಇಡ್ತೇನಿ. ಬರೇ ಮ್ಯಾಲ ಇಟ್ರ ಸಾಲಂಗಿಲ್ಲ ತಂಗಿ" ಎಂದು ಅದನ್ನು ನನ್ನ ಫೋನಿಗೂ ಕಳಿಸಿಕೊಂಡರು.

ಮೂರನೆಯ ದಿನ ಬೀದರದ ಸ್ಟುಡಿಯೊದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಗಾಜು ಒಡೆಯದಂತೆ ತಮ್ಮ ಟವೆಲಿನಲ್ಲಿ ಸುತ್ತಿ, ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಕಾಕಾ ಮತ್ತೆ ಔರಾದಕ್ಕೆ ಹೋದರು. ನಾನೂ ಜೊತೆಗಿದ್ದೆ.

ಆಕೆ ಗಾಜನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಗಂಡನ ಆ ಅಂಗೈ ಮೇಲೆ ತನ್ನ ಅಂಗೈ ಇಟ್ಟಳು. ಅಳುತ್ತಲೇ ನಕ್ಕಳು.

"ಇದು ಓಟಿಪಿ ಕೇಳಂಗಿಲ್ಲಲ್ರಿ ಅಣ್ಣಾ?"

"ಇಲ್ಲ ತಂಗಿ" ಎಂದರು ಕಾಕಾ. "ಇದು ಏನೂ ಕೇಳಂಗಿಲ್ಲ."