ಪಾಯಸಕ್ಕೆ ವಿಷ ಹಾಕಿದವರು ಯಾರು

ಕೊಂಡಪ್ಪ ಬೆಳಿಗ್ಗೆಯೇ ಕಾದಂಬರಿಯ ಕೊನೆಯ ಅಧ್ಯಾಯವನ್ನು ಇಣುಕಿ ನೋಡಬಾರದಿತ್ತು. ನೋಡಿಬಿಟ್ಟ. ಜಮೀನ್ದಾರನ ಪಾಯಸಕ್ಕೆ ವಿಷ ಬೆರೆಸಿದವಳು ಅಡುಗೆಯವಳು.

ಸ್ವಾತಂತ್ರ್ಯ ಬಂದ ಮರುವರ್ಷ ಅದು. ಬೂದಿಗೆರೆಯ ಪಟೇಲ ರಾಮಾಂಜಿನಪ್ಪನವರ ಜಗಲಿಯ ಮೇಲೆ ಕೊಂಡಪ್ಪ ಹಳೆಯ ಕಾಲದ ಪತ್ತೇದಾರಿ ಕಾದಂಬರಿಯೊಂದನ್ನು ಸಂಜೆ ಸಂಜೆ ಗಟ್ಟಿಯಾಗಿ ಓದುತ್ತಿದ್ದ, ಊರು ಕೂತು ಕೇಳುತ್ತಿತ್ತು. ಅವನು ನಂದಗುಡಿಯಿಂದ ಬಂದ ಮನೆಯಳಿಯ. ಅತ್ತೆ ಬಡಿಸಿದ ಮುದ್ದೆ ಪಾಪ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಊರಿನ ಹೊಸ ವಾಚನಾಲಯದ ಬೀಗದಕೈ ತನ್ನ ಸೊಂಟಕ್ಕೆ ಬಂದರೆ ತಲೆ ಎತ್ತಿ ಉಣ್ಣಬಹುದು ಎಂಬುದೊಂದೇ ಅವನ ಆಸೆ.

ಪಟೇಲರು ಒಪ್ಪಿದ್ದರು. "ಕಾಲ ಬದಲಾಗೈತೆ ಕಣಪ್ಪ. ಹಳೇ ಪುಸ್ತಕದಾಗೆ ಏನಾರ ಇರ್ಲಿ, ಊರಿನೋರ ಮನಸ್ಸು ನೋಯ್ಬಾರ್ದು. ಇವತ್ತು ಕತೆ ಸುಸೂತ್ರವಾಗಿ ಮುಗಿಸು, ಬೀಗದಕೈ ಇಸ್ಕೊ" ಅಂದಿದ್ದರು.

ಬಾವಿಕಟ್ಟೆಯಲ್ಲಿ ಮದುವೆ ಅಡುಗೆಯ ಮಾರಕ್ಕ ಎದುರಾದಳು. ವಿಷ ಹಾಕಿದ್ದು ಯಾರೆಂದು ಅವಳು ಕೇಳಿದ್ದೇ ತಡ, ಕೊಂಡಪ್ಪನ ಮುಖ ಎಲ್ಲವನ್ನೂ ಹೇಳಿಬಿಟ್ಟಿತು.

"ಅಡುಗೆಯೋಳು ಅಂತ ಓದಿದ್ರೆ ನಾಳೆಯಿಂದ ನನ್ನ ಕೈ ಪಾಯಸ ಯಾರಪ್ಪ ತಿಂತಾರೆ? ಇದು ಮದುವೆ ಕಾಲ" ಅಂದಳು.

ನ್ಯಾಯದ ಮಾತು. ಕೊಂಡಪ್ಪ ಪೆನ್ಸಿಲಿನಿಂದ ಅಡುಗೆಯವಳನ್ನು ಹೊಡೆದುಹಾಕಿ, ಕೊಲೆಯನ್ನು ನಾಟಿವೈದ್ಯನ ತಲೆಗೆ ಕಟ್ಟಿದ. ಆ ಸುದ್ದಿಯನ್ನು ಮಾರಕ್ಕನೇ ಹೊತ್ತು ತಿರುಗಿದಳು. ಮಧ್ಯಾಹ್ನದೊಳಗೆ ಊರಿನ ವೈದ್ಯ ಅಪ್ಪಯ್ಯಣ್ಣ ಲೇಹ್ಯದ ಭರಣಿ ಕಂಕುಳಲ್ಲಿಟ್ಟುಕೊಂಡೇ ಬಂದ.

"ಇದನ್ನ ಇನ್ಯಾರಿಗೆ ನೆಕ್ಸಲಿ? ನೀನೇ ನೆಕ್ಕು."

ಕೊಂಡಪ್ಪ ವೈದ್ಯನನ್ನು ಬಿಟ್ಟು ಬೆಲ್ಲ ಮಾರಿದ ಅಂಗಡಿಯವನನ್ನು ಹಿಡಿದ. ಅಂಗಡಿ ಗಂಗಣ್ಣ ತಕ್ಕಡಿ ಬಿಟ್ಟು ಓಡಿಬಂದ. ಕೊನೆಗೆ ಜಮೀನ್ದಾರನ ಹೆಂಡತಿಯೇ ಇರಲಿ ಎಂದು ಗೊಣಗಿದಾಗ, ರಾಗಿ ಕೇರುತ್ತಿದ್ದ ಅವನ ಹೆಂಡತಿ ಅನುಸೂಯಮ್ಮ ತಲೆ ಎತ್ತದೆ ಹೇಳಿದಳು: "ಓದಿ. ಓದ್ಬುಟ್ಟು ಮನೆಗೆ ಬನ್ನಿ, ಮಾತಾಡಣ."

ಇನ್ನು ಉಳಿದವರು ಇಬ್ಬರೇ: ಸತ್ತವನು, ಮತ್ತು ಕೊಲೆ ಪತ್ತೆ ಮಾಡಲು ಬಂದ ಪತ್ತೇದಾರ. ಬೂದಿಗೆರೆಯಲ್ಲಿ ಪತ್ತೇದಾರರು ಯಾರೂ ಇರಲಿಲ್ಲ. ಕೊಂಡಪ್ಪನಿಗೆ ಹೋದ ಜೀವ ಬಂದಂತಾಯಿತು.

ಸಂಜೆ ಲಾಟೀನಿನ ಮುಂದೆ ಕೂತು ಗಂಭೀರವಾಗಿ ಓದಿದ: "ಪರಸ್ಥಳದಿಂದ ಬಂದು, ಊರವರ ಅನ್ನ ಉಂಡು, ಎಲ್ಲರ ಗುಟ್ಟನ್ನೂ ತಿಳಿದುಕೊಂಡಿದ್ದ ಆ ಪತ್ತೇದಾರನೇ ಕೊಲೆಗಾರನಾಗಿದ್ದನು."

ಜಗಲಿಗೆಲ್ಲ ಸಮಾಧಾನವಾಯಿತು. ಮಾರಕ್ಕ ಕಣ್ಣೊರೆಸಿಕೊಂಡಳು.

"ನಾನಾಗ್ಲೇ ಅಂದ್ಕೊಂಡಿದ್ದೆ" ಎಂದ ಗಂಗಣ್ಣ. "ಊರಿನೋರು ಇಂಥದ್ದು ಮಾಡಲ್ಲ. ಹೊರಗಿಂದ ಬಂದೋನೇ ಮಾಡ್ಬೇಕು."

"ಅದೂ ಓದು ಬರಹ ಬಲ್ಲೋನು" ಎಂದ ಅಪ್ಪಯ್ಯಣ್ಣ.

ಎಲ್ಲರೂ ಹೌದೆಂದು ತಲೆಯಾಡಿಸಿದರು. ಆಮೇಲೆ ಒಬ್ಬೊಬ್ಬರಾಗಿ ಕೊಂಡಪ್ಪನ ಮುಖ ನೋಡತೊಡಗಿದರು.

ಪಟೇಲರು ಕೈಯಲ್ಲಿ ಹಿಡಿದಿದ್ದ ಬೀಗದಕೈಯನ್ನು ಮೆಲ್ಲಗೆ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಚೆನ್ನಾಗಿ ಓದ್ದೆ ಕಣಪ್ಪ, ಯಾರ ಮನಸ್ಸೂ ನೋಯ್ಲಿಲ್ಲ. ಬೀಗದಕೈ ಮಾತ್ರ ಊರಿನೋರ ಹತ್ರಾನೇ ಇರ್ಲಿ."

ಕೊಂಡಪ್ಪ ಕಾಲೆಳೆದುಕೊಂಡು ಮನೆಗೆ ಬಂದ. ಅವನಿಗೆ ನಿಜವಾಗಿಯೂ ಅಳು ಬರುತ್ತಿತ್ತು. ಜಗಲಿಯಿಂದ ಮುಂಚೆಯೇ ಎದ್ದು ಬಂದಿದ್ದ ಅತ್ತೆ ಮುನಿಲಕ್ಷ್ಮಮ್ಮ ಒಳಗೆ ಮಗಳಿಗೆ ಮೆಲುದನಿಯಲ್ಲಿ ಹೇಳುತ್ತಿದ್ದರು:

"ಇನ್ಮೇಲೆ ಅಳಿಯಂದ್ರನ್ನ ಒಲೆ ಹತ್ರ ಬಿಡಬ್ಯಾಡ ಕಣೇ."