ಸರ್ವೆ ನಂಬರ್ ತೊಂಬತ್ತೆರಡರ ರಿಯಾಕ್ಟರ್

ಅಜ್ಜಂಪುರ ಸೀಮೆಯಲ್ಲಿ ಅಣು ರಿಯಾಕ್ಟರ್ ಇಲ್ಲ ಎಂಬುದಕ್ಕೆ ಯಾವ ದಾಖಲೆಯೂ ಇಲ್ಲ. ಇದೆ ಎಂಬುದಕ್ಕೆ ಮಾತ್ರ ಇದೆ, ಮೂರು ಪ್ರತಿಗಳಲ್ಲಿ, ಮೊಹರು ಸಮೇತ.

ಅದಿರುವುದು ಉಚ್ಚಂಗಮ್ಮನವರ ಎರಡೆಕರೆ ರಾಗಿ ಹೊಲದಲ್ಲಿ. ಗಂಡ ರಾಮಯ್ಯ ತೀರಿಕೊಂಡ ಮೇಲೆ ಹೊಲದ ಖಾತೆಯನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಆಕೆ 'ಭೂದಾಖಲೆ ಹಾಗೂ ಅಂತರರಾಷ್ಟ್ರೀಯ ಸಹಕಾರ ಜಂಟಿ ಕಚೇರಿ'ಗೆ ಅರ್ಜಿ ಕೊಟ್ಟಿದ್ದರು. ವಯಸ್ಸು ಎಪ್ಪತ್ತು. ಖಾತೆ ತನ್ನ ಹೆಸರಿಗೆ ಬಂದರೆ ತಾನೇ, ಕಣ್ಣು ಮುಚ್ಚುವುದರೊಳಗೆ ಮಗಳು ಭೂಮಿಕಾಗೆ ಬರೆದುಕೊಡಲಾದೀತು? ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಅರ್ಜಿ ಗುಮಾಸ್ತ ವೇಣುವಿನ ಮೇಜಿನ ಮೇಲೆ ಕೂತಿತು. ಪುಣ್ಯಾತ್ಮ ಅದನ್ನು ಅಲುಗಾಡಿಸಲಿಲ್ಲ.

ಹೀಗಿರುವಾಗ ಹದಿನಾಲ್ಕು ದೇಶಗಳ ಸಂಶೋಧನಾ ಒಪ್ಪಂದದ ನಮೂನೆಯೊಂದು ಕಂಪ್ಯೂಟರಿಗೆ ಬಂತು: "ನಿಮ್ಮ ವ್ಯಾಪ್ತಿಯ ಹಳೆಯ ರಿಯಾಕ್ಟರನ್ನು ಕಳಚಿ ಮುಗಿಸಲಾಗಿದೆಯೇ? ಹೌದು / ಇಲ್ಲ." ನಮ್ಮಲ್ಲಿ ರಿಯಾಕ್ಟರೇ ಇಲ್ಲ ಎನ್ನಲು ಜಾಗವಿರಲಿಲ್ಲ. 'ಹೌದು' ಎಂದರೆ ಒಂಬತ್ತು ಲಗತ್ತುಗಳನ್ನು ಸೇರಿಸಬೇಕು. ವೇಣು 'ಇಲ್ಲ' ಒತ್ತಿದ. ಕೂಡಲೇ ಅದು ಸರ್ವೆ ನಂಬರ್ ಕೇಳಿತು. ಬೀರೂರು ಬಸ್ಸಿಗೆ ಹೊತ್ತಾಗಿತ್ತು. ಎದುರಿಗಿದ್ದ ಉಚ್ಚಂಗಮ್ಮನವರ ಅರ್ಜಿಯಲ್ಲಿ ಕಂಡ ತೊಂಬತ್ತೆರಡನ್ನೇ ಹಾಕಿ ಎದ್ದ. ಮಾರನೆಯ ದಿನ ಪಹಣಿಯ ಬೆಳೆ ಕಾಲಂನಲ್ಲಿ ರಾಗಿ ಹೋಗಿ ರಿಯಾಕ್ಟರ್ ಬಂದಿತ್ತು.

ತಿಂಗಳೊಪ್ಪತ್ತಿನಲ್ಲಿ ಮೂವರು ವಿದೇಶಿ ವಿಜ್ಞಾನಿಗಳು ಬಂದು, ಯಂತ್ರ ಹಿಡಿದು ಹೊಲವೆಲ್ಲ ತುಳಿದರು. ಕಟ್ಟಡ ಎಲ್ಲಿ ಎಂದು ಕೇಳಿದ್ದಕ್ಕೆ ಕಚೇರಿಯ ಮುಖ್ಯಸ್ಥೆ ವನಜಾಕ್ಷಿ ಮೇಡಂ, "ಕಳಚುವ ಕೆಲಸ ಬಹಳ ಮುಂದುವರಿದಿದೆ," ಎಂದರು.

"ಇಲ್ಲಿ ರಾಗಿ ಬಿಟ್ರೆ ಇನ್ನೇನೂ ಇಲ್ಲ ಕಣ್ರಪ್ಪಾ," ಎಂದರು ಉಚ್ಚಂಗಮ್ಮ.

'ಸ್ಥಳೀಯರಲ್ಲಿ ಭೀತಿ ಇಲ್ಲ' ಎಂದು ವಿಜ್ಞಾನಿಗಳು ಬರೆದುಕೊಂಡರು. ಸೋರಿಕೆ ಸೊನ್ನೆ, ಅಪಘಾತ ಸೊನ್ನೆ. ಇಷ್ಟು ಸುರಕ್ಷಿತವಾದ ರಿಯಾಕ್ಟರನ್ನು ಲೋಕದಲ್ಲೇ ಕಂಡಿಲ್ಲವೆಂದು ವರದಿಯಾಯಿತು. ಕಚೇರಿಯವರು ಒಬ್ಬರಿಗೊಬ್ಬರು ಶಾಲು ಹೊದಿಸಿಕೊಂಡರು.

ಆಮೇಲೆ ಹೊಲದ ಬದುವಿನಲ್ಲಿ ಪ್ರಕಟಣೆಯ ಬೋರ್ಡು ಎದ್ದಿತು: "ಸದರಿ ರಿಯಾಕ್ಟರ್ ತಣ್ಣಗಾಗಲು ಅರವತ್ತು ವರ್ಷ ನಿಗದಿಪಡಿಸಲಾಗಿದೆ. ಅಲ್ಲಿಯವರೆಗೆ ಖಾತೆ ಬದಲಾವಣೆ ಇರುವುದಿಲ್ಲ. ಈ ಅವಧಿಯಲ್ಲಿ ಮೊಳೆಯುವ ರಾಗಿಯನ್ನು ಅತಿಕ್ರಮಣವೆಂದು ಪರಿಗಣಿಸಲಾಗುವುದು."

ಉಚ್ಚಂಗಮ್ಮ ಕಚೇರಿಗೆ ಹೋಗಿ ಸಾಲಿನಲ್ಲಿ ನಿಂತರು.

"ಅರವತ್ತು ವರ್ಷ ನಾನೆಲ್ಲಿರ್ತೀನಪ್ಪಾ? ಅರ್ಜೀನಾದ್ರೂ ಮಗಳ ಹೆಸರಿಗೆ ಮಾಡ್ಕೊಡು."

"ಆಯ್ತದೆ ಕಣಜ್ಜಿ." ವೇಣುವಿಗೆ ನಿಜಕ್ಕೂ ಕನಿಕರವಾಗಿತ್ತು. "ಅರ್ಜಿದಾರರು ಬದಲಾಗ್ಬೇಕು ಅಂದ್ರೆ ಮೊದಲನೇ ಅರ್ಜಿದಾರರ ಡೆತ್ ಸರ್ಟಿಫಿಕೇಟ್ ಬೇಕು."

"ಮೊದಲನೇವ್ರು ಯಾರು?"

"ನೀವೇ."

ಹಿಂದೆ ನಿಂತಿದ್ದ ಜಮಾಲ್ ಸಾಬ್, "ರೂಲೇ ಹಂಗೈತೆ ಕಣಮ್ಮಾ. ನಮ್ಮಣ್ಣಾನೂ ತನ್ನ ಸರ್ಟಿಫಿಕೇಟ್ ತಾನೇ ಮಾಡಿಸ್ಕೊಟ್ಟ," ಎಂದು ಧೈರ್ಯ ಹೇಳಿದರು.

"ಜೆರಾಕ್ಸ್ ನಡೀತದಾ?" ಎಂದು ಅಜ್ಜಿ ಕೇಳಿದರು.

"ಇಲ್ಲ, ಒರಿಜಿನಲ್ಲೇ ಬೇಕು. ಖುದ್ದು ನೀವೇ ತಂದು ಸಹಿ ಹಾಕ್ಬೇಕು."

"ಆಗ್ಲಿ, ಸೋಮವಾರ ಬತ್ತೀನಿ," ಎಂದು ಅಜ್ಜಿ ಸೆರಗು ಸರಿಮಾಡಿಕೊಂಡರು.

"ಹನ್ನೊಂದರ ಮೇಲೆ ಬನ್ನಿ," ಎಂದ ವೇಣು.